ರಜೆಯ ದಿನ ಓಡಿದ ಗಿರಣಿ

ಸೈಕಲ್ ಕೊಂಡವನಿಂದ "ನನಗೆ ಎರಡು ಕಾಲುಗಳಿವೆ, ಎರಡೂ ಗಟ್ಟಿಯಾಗಿವೆ" ಎಂದು ಬರೆಸಿಕೊಂಡ ಅಂಗಡಿಯವನನ್ನು ಯಾರಾದರೂ ಕಂಡಿದ್ದೀರಾ? ಕನ್ನಡಿ ಮಾರಿದವನು "ನನಗೆ ಮುಖವಿದೆ" ಎಂಬ ರಸೀದಿಗೆ ಸಹಿ ಕೇಳಿದ್ದುಂಟೇ? ಇಲ್ಲ. ಆದರೆ ನಮ್ಮ ಬಟ್ಟೆ ಗಿರಣಿ ಇಪ್ಪತ್ತೈದು ವರ್ಷ ಮಗ್ಗ ಓಡಿಸಿದ ಕೆಲಸಗಾರನಿಗೆ ಒಂದು ಪುಟ್ಟ ಸ್ಟೀರಿಯೋ ಪೆಟ್ಟಿಗೆಯನ್ನು ಬಹುಮಾನ ಕೊಟ್ಟಾಗ ಜೊತೆಗೊಂದು ರಸೀದಿಯನ್ನೂ ಕಳಿಸಿತು. ಅದರಲ್ಲಿ ಹೀಗೆ ಅಚ್ಚಾಗಿತ್ತು: "ಈ ಪೆಟ್ಟಿಗೆಯ ಇಂಪಾದ ಸಂಗೀತವನ್ನು ನಾನು ನನ್ನ ಎರಡೂ ಕಿವಿಗಳಿಂದ, ಯಾರ ಸಹಾಯವೂ ಇಲ್ಲದೆ, ಸ್ಪಷ್ಟವಾಗಿ ಕೇಳಿ ಆನಂದಿಸಿದ್ದೇನೆ." ಕೆಳಗೆ ಸಹಿಗೆ ಜಾಗ. ಸಹಿ ಬಾರದವರ ಹೆಬ್ಬೆಟ್ಟಿಗೆ ಒಂದು ಚೌಕ. ಕಿವಿ ಕೇಳದವರಿಗೆ ಮಾತ್ರ ಯಾವ ಚೌಕವೂ ಇರಲಿಲ್ಲ.

ಬಹುಮಾನ ಪಡೆದವನನ್ನು ಎಲ್ಲರೂ ಸೂಜಿಕಿವಿ ಎನ್ನುತ್ತಿದ್ದರು. ಹರೆಯದಲ್ಲಿ, ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುವಾಗ, ತನ್ನಿಂದ ಆರನೆಯ ಮಗ್ಗದಲ್ಲಿ ಒಂದೆಳೆ ಕಿತ್ತರೂ ಇವನು ಹೊರಳಿ ನೋಡುತ್ತಿದ್ದನಂತೆ. ಹೆಸರು ಉಳಿಯಿತು, ಕಿವಿ ಉಳಿಯಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಎಡಗಿವಿ ಹನ್ನೆರಡನೆಯ ವರ್ಷ, ಬಲಗಿವಿ ಹದಿನೇಳನೆಯ ವರ್ಷ, ಯಾರಿಗೂ ಹೇಳದೆ ರಾಜೀನಾಮೆ ಕೊಟ್ಟು ಹೋದವು. ಅವನೂ ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಗಿರಣಿಯ ನಿಯಮದಲ್ಲಿ ಕಿವುಡನೆಂದರೆ 'ಅಪಾಯಕಾರಿ ಕೆಲಸಗಾರ'. ಗೊತ್ತಾದ ದಿನವೇ ಗೇಟ್ ಪಾಸ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ಆ ಕಿವಿಗಳನ್ನು ತಿಂದವರು ಯಾರು ಎಂಬುದನ್ನು ನಿಯಮ ಬರೆದವರು ಬರೆಯಲು ಮರೆತಿದ್ದರು.

ಹಾಗಾಗಿ ಸೂಜಿಕಿವಿ ಎರಡು ಉಪಾಯ ಇಟ್ಟುಕೊಂಡಿದ್ದ. ಎದುರಿನವರ ತುಟಿ ಕಂಡರೆ ತುಟಿ ಓದುವುದು. ತುಟಿ ಕಾಣದಿದ್ದರೆ, "ಹೌದೌದು, ಅದೂ ನಿಜವೇ" ಎನ್ನುವುದು. ಈ ಒಂದು ಮಾತು ಮದುವೆ ಮನೆಯಲ್ಲೂ ನಡೆಯಿತು, ಸಾವಿನ ಮನೆಯಲ್ಲೂ ನಡೆಯಿತು, ಬೈಯುವ ಮೇಸ್ತ್ರಿಯ ಮುಂದೆಯೂ ನಡೆಯಿತು. ಅವನನ್ನು ಆಡಿಕೊಳ್ಳಬೇಡಿ. ಕಿವಿ ನೆಟ್ಟಗಿರುವ ಎಷ್ಟೋ ಮಹನೀಯರು ಇದೊಂದೇ ವಾಕ್ಯದ ಬಲದಲ್ಲಿ ಆಯುಷ್ಯ ಮುಗಿಸಿದ್ದಾರೆ.

ಒಂದು ಸಲ ಮಾತ್ರ ಆ ಮಾತು ನಡೆಯಬಾರದ ಕಡೆ ನಡೆದುಬಿಟ್ಟಿತ್ತು. ಹೋದ ವರ್ಷ ನಲವತ್ತೆರಡನೆಯ ಮಗ್ಗದವನು ಬೆಲ್ಟಿಗೆ ಸಿಕ್ಕಿ ಸತ್ತ. ಮೇಸ್ತ್ರಿ ಹಿಂದಿನಿಂದ ಕೂಗಿ ಎಚ್ಚರಿಸಿದ್ದನಂತೆ. "ಕೂಗನ್ನು ಉದ್ಧಟತನದಿಂದ ಕಡೆಗಣಿಸಿದ್ದರಿಂದ ಮರಣ" ಎಂದು ಗಿರಣಿ ವರದಿ ಬರೆಯಿತು. ಸಾಕ್ಷಿಗೆ ಯಾರು? ಇಡೀ ಗಿರಣಿಯಲ್ಲಿ ಅತ್ಯಂತ ಚುರುಕು ಕಿವಿಯವನು. "ಕೂಗಿದ್ದು ನಿನಗೆ ಕೇಳಿಸ್ತು ತಾನೇ?" ಎಂದರು. "ಹೌದೌದು, ಅದೂ ನಿಜವೇ" ಎಂದು ಸಹಿ ಹಾಕಿ ಬಂದ. ಸತ್ತವನ ಹೆಂಡತಿ ಇವನ ಪಕ್ಕದ ಮನೆಯಲ್ಲೇ ಇದ್ದಳು. ಬಟ್ಟೆಗೆ ಇಸ್ತ್ರಿ ಹಾಕಿ ಜೀವನ ಮಾಡುತ್ತಿದ್ದಳು, ಎಲ್ಲರ ಬಾಯಲ್ಲೂ ಇಸ್ತ್ರಿಯಮ್ಮ. ಆ ಸಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಂಡನ ನೀಲಿ ಅಂಗಿಗೆ ವಾರಕ್ಕೊಮ್ಮೆ ಇಸ್ತ್ರಿ ಹಾಕಿ ಮತ್ತೆ ಅದೇ ಗೂಟಕ್ಕೆ ತೂಗುಹಾಕುತ್ತಿದ್ದಳು, ಅಷ್ಟೇ.

ಇನ್ನು ಪೆಟ್ಟಿಗೆಯ ಕಥೆ.

ಅದನ್ನು ಹೊತ್ತು ತಂದವನು ಗಿರಣಿಯ ಕ್ಷೇಮಾಧಿಕಾರಿ. ಕೆಲಸಗಾರರ ಕ್ಷೇಮ ನೋಡಿಕೊಳ್ಳಲು ಗಿರಣಿ ಇಟ್ಟ ಮನುಷ್ಯ. ಆತನೊಬ್ಬನ ಕ್ಷೇಮವಂತೂ ಚೆನ್ನಾಗಿತ್ತು. "ನಿನ್ನಿಂದಲೇ ಶುರು ಮಾಡ್ತಾ ಇದೀವಿ ಕಣಯ್ಯಾ" ಎಂದ, ತುಟಿ ಅಗಲಿಸಿ. "ರಜೆ ದಿನ ಮಧ್ಯಾಹ್ನ ಮೂರೂವರೆಗೆ ಬರ್ತೀನಿ. ಕಾರ್ಮಿಕ ಇಲಾಖೆ ಇನ್ಸ್‌ಪೆಕ್ಟರಮ್ಮನ್ನೂ ಕರ್ಕೊಂಡು ಬರ್ತೀನಿ. ಗಿರಣಿ ಸದ್ದಿಗೆ ಕಿವಿ ಹೋಗುತ್ತೆ ಅಂತ ಯಾರೋ ಮೂಗರ್ಜಿ ಬರೆದಿದಾರೆ. ನೀನು ಅವರ ಮುಂದೆ ಹಾಡು ಹಾಕು, ತಲೆದೂಗು, ಸಹಿ ಹಾಕು. ನೀನು ಹಾಕಿದ್ರೆ ಉಳಿದ ಹದಿನಾಲ್ಕು ಜನ ಕಣ್ಮುಚ್ಚಿ ಹಾಕ್ತಾರೆ."

"ಹೌದೌದು, ಅದೂ ನಿಜವೇ."

ಆ ಹದಿನಾಲ್ಕು ಜನರೂ ಸೂಜಿಕಿವಿ ಇದ್ದ ಸಾಲುಮನೆಯವರೇ, ಅವನಂತೆಯೇ ಮಗ್ಗದವರು. ಹಳೆಯ ಹತ್ತಿ ಗೋದಾಮಿನ ಮೇಲೆ ಗಿರಣಿಯೇ ಹದಿನಾರು ಮನೆ ಕಟ್ಟಿಸಿತ್ತು. ಮಧ್ಯೆ ತೆಳ್ಳನೆಯ ಗೋಡೆಗಳಿದ್ದರೂ ಕಾಲಡಿಗೆ ಒಂದೇ ಉದ್ದನೆಯ ಮರದ ನೆಲ. ಅದರಡಿ ಖಾಲಿ ಗೋದಾಮು. ಒಂದನೆಯ ಮನೆಯಲ್ಲಿ ಚೊಂಬು ಬಿದ್ದರೆ ಹದಿನಾರನೆಯ ಮನೆಯ ಬೆಕ್ಕು ಎದ್ದು ಕೂರುತ್ತಿತ್ತು. ಹೊಸಬರು ಬಂದರೆ ಅಲ್ಲಿ ಇನ್ನೊಂದು ಕಾಣುತ್ತಿತ್ತು: ಯಾರ ಮನೆಯಲ್ಲೂ ಲೋಟ ತುಂಬಿಸಿ ಕೊಡುತ್ತಿರಲಿಲ್ಲ. ಜಿಪುಣತನವಲ್ಲ. ಗಂಡಸರ ಕೈ ನಡುಗುತ್ತಿತ್ತು, ತುಂಬಿಸಿದರೆ ಚೆಲ್ಲುತ್ತಿತ್ತು. ಮಲಗಿದಾಗಲೂ ಆ ಕೈಗಳು ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚಿನಲ್ಲಿ, ಇಲ್ಲದ ಎಳೆಗಳಿಗೆ ಗಂಟು ಹಾಕುತ್ತಲೇ ಇರುತ್ತಿದ್ದವು.

ರಜೆಯ ದಿನ ಬೆಳಿಗ್ಗೆ ಪೆಟ್ಟಿಗೆ ಜೋಡಿಸಲು ಬಾಮೈದ ಬಂದ. ಅವನದು ಮಿಕ್ಸಿ ರಿಪೇರಿಯ ಅಂಗಡಿ. ಮಿಕ್ಸಿ ಗೊತ್ತಿದ್ದವನಿಗೆ ಮಿಕ್ಕಿದ್ದೆಲ್ಲ ಗೊತ್ತಿರುತ್ತದೆ ಎಂಬುದು ಅವನ ಸಿದ್ಧಾಂತ.

"ಭಾವ, ಇದು ಎಡದ ಸ್ಪೀಕರ್, ಇದು ಬಲದ್ದು. ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಅದಲು ಬದಲು ಆಯ್ತೋ, ಹಾಡೋನು ಗೋಡೆ ಒಳಗೆ ಕೂತು ಹಾಡಿದಂಗಿರುತ್ತೆ. ನಮ್ಮ ಗಿರಾಕಿ ಒಬ್ರ ಮನೇಲಿ ಹಂಗೇ ಆಗಿ, ಅವರು ಗೋಡೆನೇ ಒಡೆಸಿಬಿಟ್ರು."

"ಹೌದೌದು, ಅದೂ ನಿಜವೇ."

"ಇದು ರೇಡಿಯೋ. ಸ್ಟೇಷನ್ ಸಿಗದೆ ಇದ್ರೆ ಬರೀ ಭೋರ್ ಅನ್ನುತ್ತೆ, ಮುಂದಕ್ಕೆ ತಿರುಗಿಸಿ. ಇದು ಬೇಸ್ ಗುಂಡಿ. ಇದನ್ನ ಮಾತ್ರ ಮುಟ್ಬೇಡಿ. ಕೆಳಗೆ ಗೋದಾಮು ಖಾಲಿ ಇದೆ, ನಗಾರಿ ಮೇಲೆ ಕೂತಂಗಾಗುತ್ತೆ."

ಇದನ್ನು ಹೇಳುವಾಗ ಅವನ ಮುಖ ಪೆಟ್ಟಿಗೆಯ ಹಿಂದಿತ್ತು. ಹಾಗಾಗಿ ಸೂಜಿಕಿವಿಗೆ ದಕ್ಕಿದ್ದು ಒಂದು ಬೆರಳು, ಮತ್ತು ಆ ಬೆರಳು ತೋರಿಸಿದ ಗುಂಡಿ. ಬಹಳ ಮುಖ್ಯವಾದ ಗುಂಡಿಯೇ ಇರಬೇಕು ಎಂದುಕೊಂಡ.

ಬಾಮೈದ ಹಾಡು ಹಾಕಿದ. ಕೊಳಲು. ಹೆಂಡತಿ ಹೊಲಿಯುತ್ತಿದ್ದ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಕೇಳಿದಳು. ಸೂಜಿಕಿವಿ ಅವಳ ಮುಖ ನೋಡುತ್ತ ತಲೆದೂಗಿದ. ಹಾಡು ನಿಂತಿತು. ಅವನು ನಿಲ್ಲಲಿಲ್ಲ.

"ಅಕ್ಕಾ, ಹಾಡು ಮುಗಿದು ಎರಡು ನಿಮಿಷ ಆಯ್ತು. ಭಾವ ಇನ್ನೂ ತೂಗ್ತಾನೇ ಇದಾರಲ್ಲೇ!"

"ಅವರಿಗೆ ಒಳಗೆ ಇನ್ನೂ ಕೇಳಿಸ್ತಾ ಇರುತ್ತೆ ಕಣೋ" ಎಂದಳು ಅವಳು, ಕಣ್ಣೆತ್ತದೆ. "ಅವರ ಕಿವಿ ನಿನ್ನಂಥದ್ದಲ್ಲ."

ಅವಳಿಗೆ ಎಲ್ಲವೂ ಗೊತ್ತಿತ್ತು. ಮಗ್ಗದವರು ಕೈಸನ್ನೆಯಲ್ಲೇ ಮಾತಾಡುತ್ತಾರೆ; ಆ ಭಾಷೆಯನ್ನು ಅವಳೂ ಕಲಿತಿದ್ದಳು. ಬಾಮೈದ ಹೋದ ಮೇಲೆ ಹೊಲಿದ ಬಟ್ಟೆಗಳ ಗಂಟು ಹೊತ್ತು ಹೊರಡುವಾಗ ಬೆರಳಲ್ಲೇ ಹೇಳಿದಳು: ಕೊಟ್ಟು ಮೂರಕ್ಕೆ ಬರ್ತೀನಿ. ಅವರು ಬಂದಾಗ ಪಕ್ಕದಲ್ಲೇ ಕೂತ್ಕೊಂಡು ಕಾಲಲ್ಲಿ ನೆಲ ತಟ್ತೀನಿ. ತಟ್ಟಿದಾಗ ತೂಗಿ, ನಿಲ್ಲಿಸಿದಾಗ ನಿಲ್ಲಿಸಿ. ಅಲ್ಲಿ ತನಕ ಅದನ್ನ ಮುಟ್ಬೇಡಿ.

ಮುಟ್ಟಬೇಡ ಎಂದಿದ್ದನ್ನು ಮುಟ್ಟದೆ ಕೂತ ಗಂಡಸಿನ ಮೇಲೆ ಯಾರೂ ಕಥೆ ಬರೆದಿಲ್ಲ.

ಎರಡೂವರೆಗೆ ಸೂಜಿಕಿವಿ ಪೆಟ್ಟಿಗೆಯ ಮುಂದೆ ಕೂತ. ಹಾಡು ಹಾಕಿ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಯಂತ್ರ ಓಡುತ್ತಿದೆಯೋ ಇಲ್ಲವೋ ಎಂದು ಮಗ್ಗದವನಿಗೆ ತಿಳಿಸುವುದು ಅಂಗೈ. ಕೊಳಲು ಅಂಗೈಗೆ ಏನನ್ನೂ ಹೇಳಲಿಲ್ಲ. ಒಂದು ಇರುವೆ ನಡೆದಷ್ಟೂ ಇಲ್ಲ. ಪೆಟ್ಟಿಗೆ ಕೆಟ್ಟಿದೆ! ಇನ್ನೊಂದು ಗಂಟೆಯಲ್ಲಿ ಅಧಿಕಾರಿಗಳು ಬರುತ್ತಾರೆ. ಕೆಟ್ಟ ಪೆಟ್ಟಿಗೆಯ ಮುಂದೆ ತಲೆದೂಗಿದರೆ ಗುಟ್ಟೂ ಹೋಯಿತು, ಕೆಲಸವೂ ಹೋಯಿತು.

ರಿಪೇರಿಗೆ ಇಳಿದ. ಬಾಮೈದ ಬೆರಳು ತೋರಿಸಿದ್ದ ಆ ಮುಖ್ಯವಾದ ಗುಂಡಿಯನ್ನು ಪೂರ್ತಿ ತಿರುಗಿಸಿದ. ಪಕ್ಕದ್ದನ್ನೂ ತಿರುಗಿಸಿದ. ರೇಡಿಯೋ ಹಾಕಿ ಅದರ ಮುಳ್ಳನ್ನು ಅತ್ತಿತ್ತ ಆಡಿಸಿದ. ಎರಡು ಸ್ಟೇಷನ್‌ಗಳ ನಡುವೆ, ಅದೂ ಅಲ್ಲದ ಇದೂ ಅಲ್ಲದ ಒಂದು ಜಾಗದಲ್ಲಿ, ಪೆಟ್ಟಿಗೆ ಅವನ ಕೈಯೊಳಗೆ ಜೀವ ಬಂದಂತೆ ಅದುರಿತು. ಧಡ್ ಧಡ್ ಧಡ್ ಧಡ್. ಅವನ ಸ್ವಂತ ಮಗ್ಗದ ಹಾಗೆಯೇ. ಅದುರುತ್ತ ಅದುರುತ್ತ ಸ್ಪೀಕರುಗಳು ನೆಲದ ಮೇಲೆ ಬೆರಳಗಲ ಸರಿದವು. ಮಗ್ಗವೂ ಹೀಗೆಯೇ ನಡೆಯುತ್ತದೆ. ಅದಕ್ಕೇ ಬೆಣೆ ಹೊಡೆದು ನೆಲಕ್ಕೆ ಕೂರಿಸುತ್ತಾರೆ. ಸೂಜಿಕಿವಿ ಎರಡೂ ಸ್ಪೀಕರುಗಳನ್ನು ಬಾಯಿ ಕೆಳಗೆ ಮಾಡಿ ಮಲಗಿಸಿ, ಮೇಲೆ ರುಬ್ಬುಗುಂಡು, ಸುತ್ತ ನಾಲ್ಕು ಮರದ ಬೆಣೆ ಹೊಡೆದು ಬಿಗಿದ. ಆಮೇಲೆ ಎರಡೂ ಅಂಗೈ ನೆಲಕ್ಕೆ ಊರಿ ಕಣ್ಣು ಮುಚ್ಚಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಒಂದು ಸದ್ದು ಪೂರ್ತಿಯಾಗಿ ಸಿಕ್ಕಿತ್ತು. ಸಂಗೀತ ಎಂದರೆ ಇದೇ ಇರಬೇಕು ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಪಕ್ಕದ ಮನೆಯಲ್ಲಿ ಇಸ್ತ್ರಿಯಮ್ಮನ ಇಸ್ತ್ರಿ ಪೆಟ್ಟಿಗೆ, ಯಾರೂ ಮುಟ್ಟದೆ, ಮೇಜಿನ ಮೇಲೆ ನಡೆಯತೊಡಗಿತು.

ಅವಳು ಕೈಯೆತ್ತಿ ನಿಂತಳು. ಅದು ಅವಳಿಗೆ ಗೊತ್ತಿದ್ದ ಸದ್ದು. ಹದಿನೆಂಟು ವರ್ಷ ಬುತ್ತಿ ತೆಗೆದುಕೊಂಡು ಹೋಗಿ ಗಿರಣಿಯ ಗೋಡೆಯಾಚೆ ನಿಂತು ಕೇಳಿದ್ದ ಸದ್ದು. ಗಿರಣಿ ಓಡುತ್ತಿದೆ. ರಜೆಯ ದಿನ. ಹಾಗಾದರೆ ಓಡಿಸುತ್ತಿರುವವರು ಯಾರು? ಗೂಟದಲ್ಲಿ ಗಂಡನ ನೀಲಿ ಅಂಗಿ ಮೆಲ್ಲಗೆ ತೂಗುತ್ತಿತ್ತು. ಎರಡೂ ತೋಳುಗಳು, ಎಡ ಒಮ್ಮೆ, ಬಲ ಒಮ್ಮೆ, ಎಳೆ ಹಿಡಿದು ಬಿಡುವವನ ಹಾಗೆ.

ಓಡಿ ಬಂದು ಸೂಜಿಕಿವಿಯ ಕಿಟಕಿಗೆ ಬಡಿದಳು. "ಅಣ್ಣಾ! ಅಣ್ಣಾ, ಗಿರಣಿ! ಯಾರು ಓಡಿಸ್ತಾ ಇದಾರೆ ಅಣ್ಣಾ?" ಬೆನ್ನು ಹಾಕಿ ಕೂತವನು ಅಲ್ಲಾಡಲಿಲ್ಲ. ನೆಲಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ, ಮೆಲ್ಲಗೆ ತೂಗುತ್ತಿದ್ದ. ಕೆಳಗಿನ ಬೀದಿಯ ತಮ್ಮ ಮನೆಯೊಳಗಿಂದ ಶಾಲೆಯ ಮೇಷ್ಟ್ರು "ಭೂಕಂಪ! ಯಾರೂ ಹೆದರಬೇಡಿ, ಎಲ್ಲರೂ ಮೇಜಿನ ಕೆಳಗೆ ಕೂತ್ಕೊಳ್ಳಿ!" ಎಂದು ಕೂಗುತ್ತಿದ್ದರು. ಯಾರೂ ಹೆದರಿರಲಿಲ್ಲ, ಅವರ ಧ್ವನಿ ಮೇಜಿನ ಕೆಳಗಿನಿಂದ ಬರುತ್ತಿತ್ತು.

ಅಷ್ಟರಲ್ಲಿ ಒಂದನೆಯ ಮನೆಯ ಬಾಗಿಲು ತೆರೆಯಿತು.

ಊಟವಾಗಿ ಮಲಗಿದ್ದ ಮಗ್ಗದವನು ಹೊರಗೆ ಬಂದ. ನೀಲಿ ಅಂಗಿಯ ಗುಂಡಿ ಹಾಕುತ್ತಿದ್ದ, ಕಂಕುಳಲ್ಲಿ ಬುತ್ತಿ ಡಬ್ಬಿ. ನಿದ್ದೆಯ ಕಣ್ಣು. ಅಂಗಾಲಿಗೆ ನೆಲದ ನಡುಕ ತಾಕಿತ್ತು. ಮಿಕ್ಕ ಕೆಲಸವನ್ನು ಮೈಯೇ ಮಾಡಿತ್ತು. ಆಮೇಲೆ ಮೂರನೆಯ ಮನೆ. ನಾಲ್ಕು. ಏಳು. ಒಬ್ಬರನ್ನೊಬ್ಬರು ನೋಡಲಿಲ್ಲ, ಮಾತಾಡಲಿಲ್ಲ. "ರಜೆ ಕಣ್ರೀ ಇವತ್ತು! ಎಲ್ಲಿಗೆ ಹೋಗ್ತಾ ಇದೀರಿ?" ಎಂದು ಒಬ್ಬಳು ಗಂಡನ ಬೆನ್ನ ಹಿಂದೆ ಕೂಗಿದಳು. ಆ ಬೆನ್ನು ಮೆಟ್ಟಿಲಿಳಿಯಿತು. ಮಕ್ಕಳು ಮೊದಲು ನಕ್ಕವು. ಹತ್ತನೆಯವನು ಇಳಿಯುವ ಹೊತ್ತಿಗೆ ನಗು ನಿಲ್ಲಿಸಿ ತಾಯಂದಿರ ಸೆರಗು ಹಿಡಿದವು. ಹದಿನಾಲ್ಕು ಜನ, ಒಬ್ಬರ ಹಿಂದೆ ಒಬ್ಬರು, ಬಿರು ಬಿಸಿಲಲ್ಲಿ.

ಸೂಜಿಕಿವಿ ಕಣ್ಣು ಬಿಟ್ಟು ಹೊರಳಿದಾಗ ಕಿಟಕಿಯಾಚೆ ಕಂಡದ್ದು ಹದಿನಾಲ್ಕನೆಯವನ ಬುತ್ತಿ ಡಬ್ಬಿ. ಇಲ್ಲಿ ಒಬ್ಬ ಬುದ್ಧಿವಂತನಾಗಿದ್ದರೆ ಪೆಟ್ಟಿಗೆಯನ್ನೂ ಬೀದಿಯನ್ನೂ ಜೋಡಿಸಿ ಯೋಚಿಸುತ್ತಿದ್ದ. ನಮ್ಮವನು ಬೇರೆ ರೀತಿ ಜೋಡಿಸಿದ. ನೆಲ ನಡುಗುತ್ತಿದೆ, ಎಲ್ಲರೂ ಹೋಗುತ್ತಿದ್ದಾರೆ; ಅಂದ ಮೇಲೆ ಪಾಳಿ ಶುರುವಾಗಿದೆ. ಅಯ್ಯೋ, ಗಿರಣಿಯ ಸೈರನ್ ಕೂಗಿದ್ದು ತನಗೊಬ್ಬನಿಗೇ ಕೇಳಿಸಲಿಲ್ಲ! ಇಷ್ಟು ವರ್ಷ ಕಾಪಾಡಿದ ಗುಟ್ಟು ಇವತ್ತು ಬಯಲು! ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು, ಖಾಲಿ ಬುತ್ತಿ ಡಬ್ಬಿ ಹಿಡಿದು, ತಾನೇ ಎಬ್ಬಿಸಿದ ಸದ್ದಿನ ಹಿಂದೆ ತಾನೇ ಓಡಿದ. ಅವನ ಹಿಂದೆ ಇಸ್ತ್ರಿಯಮ್ಮ ಓಡಿದಳು.

ಗಿರಣಿಯ ಗೇಟಿನಲ್ಲಿ ಆಗ ಘನವಾದ ತಪಾಸಣೆ ನಡೆಯುತ್ತಿತ್ತು. ಸದ್ದಿನ ದೂರನ್ನು ಪರೀಕ್ಷಿಸಲು ಕ್ಷೇಮಾಧಿಕಾರಿ ರಜೆಯ ದಿನವನ್ನೇ ಗೊತ್ತುಮಾಡಿದ್ದ. ಒಲೆ ಆರಿಸಿ ಬಿಸಿ ಅಳೆದ ಹಾಗೆ. ಇನ್ಸ್‌ಪೆಕ್ಟರಮ್ಮನ ಕೈಯಲ್ಲಿ ಸದ್ದಳೆಯುವ ಮೀಟರು.

"ನೋಡಿ ಮೇಡಂ. ಇಲಿ ಆಕಳಿಸಿದ್ರೂ ಕೇಳ್ಸುತ್ತೆ. ಇಂಥ ಜಾಗದಲ್ಲಿ ಕಿವಿ ಹೋಗುತ್ತೆ ಅಂತಾರಲ್ಲ, ಬಾಯಿ ಹೋಗಲ್ವಾ ಅಂಥವರದು?"

ಆಕೆ ಮೀಟರು ಎತ್ತಿ ಹಿಡಿದಳು. ಮೀಟರಿನ ಮುಳ್ಳು ನಡುಗಿತು. ಮೇಲೇರಿತು. ಧಡ್ ಧಡ್ ಧಡ್ ಧಡ್.

"ಇದೇನ್ರೀ ಇದು?"

"ಗಾಳಿ ಮೇಡಂ."

"ಒಂದು ಎಲೆನೂ ಅಲ್ಲಾಡ್ತಾ ಇಲ್ಲವಲ್ರೀ."

ಕಾವಲುಗಾರ ಬೀಗದ ಕೈ ಗೊಂಚಲನ್ನು ಎದೆಗೆ ಅವಚಿಕೊಂಡಿದ್ದ. "ಸಾರ್, ನಾನು ತೆಗೆದಿಲ್ಲ, ನನ್ನಾಣೆ. ಒಳಗೆ ಮಗ್ಗ ಎಲ್ಲ ನಿಂತಿದಾವೆ, ಈಗ್ತಾನೆ ನೋಡಿ ಬಂದೆ. ಸದ್ದು ಹೊರಗಿಂದ ಬರ್ತಾ ಇದೆ."

"ಹೊರಗೆ ಯಾವ ಮಗ್ಗ ಇದೆಯೋ ದಡ್ಡಾ?"

"ಅದನ್ನೇ ನಿಮ್ಮನ್ನ ಕೇಳ್ತಾ ಇದೀನಿ ಸಾರ್. ನೀವು ಓದಿದವರು."

ಆಗ ಬೀದಿಯ ತಿರುವಿನಲ್ಲಿ ಅವರು ಕಾಣಿಸಿಕೊಂಡರು. ಗೇಟಿಗೆ ಬಂದು ದಿನವೂ ನಿಲ್ಲುವ ಕ್ರಮದಲ್ಲೇ ನಿಂತರು. ಎಂಟನೆಯವನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟರು. ಅದು ನಲವತ್ತೆರಡನೆಯ ಮಗ್ಗದವನ ಜಾಗ. ಅವನು ಸತ್ತ ಮೇಲೆ ಅದನ್ನು ಯಾರೂ ತುಂಬಿರಲಿಲ್ಲ. ಕಾವಲುಗಾರ ಆ ಖಾಲಿ ಜಾಗವನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಸೂಜಿಕಿವಿ ಏದುಸಿರು ಬಿಡುತ್ತ ಬಂದು ಒಂಬತ್ತನೆಯವನಾಗಿ, ಆ ಜಾಗದ ಹಿಂದೆ, ತನ್ನ ಸ್ಥಾನದಲ್ಲಿ ಸೇರಿಕೊಂಡ. ಓಡಿ ಬಂದ ಇಸ್ತ್ರಿಯಮ್ಮ ಒಂದು ಗಳಿಗೆ ಸುತ್ತ ನೋಡಿದಳು. ಆಮೇಲೆ ಹೋಗಿ ಗಂಡನ ಜಾಗದಲ್ಲಿ ನಿಂತಳು.

"ಏಯ್! ರಜೆ ಕಣ್ರೋ ಇವತ್ತು! ಹೋಗ್ರೋ ಮನೆಗೆ!" ಕ್ಷೇಮಾಧಿಕಾರಿ ಸಾಲಿನ ಹಿಂದಿನಿಂದ ಕೂಗಿದ. ಒಂದು ತಲೆಯೂ ತಿರುಗಲಿಲ್ಲ. ಸೀಟಿ ಊದಿದ. ಕಾಗೆಗಳೆಲ್ಲ ಹಾರಿಹೋದವು. ಹದಿನೈದು ಬೆನ್ನುಗಳು ಹಾಗೇ ನಿಂತಿದ್ದವು. ಇನ್ಸ್‌ಪೆಕ್ಟರಮ್ಮ ಮೀಟರನ್ನು ಚೀಲಕ್ಕೆ ಹಾಕಿ ನೋಟ್ ಬುಕ್ ತೆಗೆದಳು.

ಅಷ್ಟರಲ್ಲಿ ಸದ್ದು ನಿಂತಿತು. ಪೇಟೆಯಿಂದ ಬಂದ ಸೂಜಿಕಿವಿಯ ಹೆಂಡತಿ ರುಬ್ಬುಗುಂಡು ಹೊತ್ತು ಕುಣಿಯುತ್ತಿದ್ದ ಪೆಟ್ಟಿಗೆಯನ್ನು ಕಂಡು ಪ್ಲಗ್ ಕಿತ್ತಿದ್ದಳು. ಗೇಟಿನಲ್ಲಿ ಮೂವರು ಉಸಿರು ಬಿಟ್ಟರು: ಅಧಿಕಾರಿ, ಇನ್ಸ್‌ಪೆಕ್ಟರಮ್ಮ, ಕಾವಲುಗಾರ. ಸಾಲಿನಲ್ಲಿ ನಿಂತ ಹದಿನೈದು ಜನರಿಗೆ ಏನೂ ಆಗಿರಲಿಲ್ಲ. ಗೇಟು ಯಾಕೆ ತೆರೆದಿಲ್ಲವೆಂದು ಅವರು ಒಬ್ಬೊಬ್ಬರಾಗಿ ಮುಂದೆ ಬಂದು ಕಬ್ಬಿಣಕ್ಕೆ ಅಂಗೈ ಊರಿದರು.

ಇನ್ಸ್‌ಪೆಕ್ಟರಮ್ಮ ಸೂಜಿಕಿವಿಯ ಎದುರಿಗೆ ಬಂದು, ನೋಟ್ ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಹಿಡಿದಳು: ಗಿರಣಿ ಓಡುತ್ತಿದೆಯೆ?

"ಓಡ್ತಾ ಇದೆಯಮ್ಮಾ" ಎಂದ ಸೂಜಿಕಿವಿ, ಅಂಗೈ ತೆಗೆಯದೆ. "ಚೆನ್ನಾಗಿ ಓಡ್ತಾ ಇದೆ. ಕೈಯಿಟ್ಟು ನೋಡಿ."

ಆಕೆ ಕೈಯಿಟ್ಟಳು. ತಕ್ಷಣ ಹಿಂದಕ್ಕೆ ಎಳೆದುಕೊಂಡಳು. ಗೇಟು ನಡುಗುತ್ತಿತ್ತು. ಒಳಗೆ ಇನ್ನೂರು ಮಗ್ಗಗಳು ನಿಶ್ಚಲ, ವಿದ್ಯುತ್ ಇಲ್ಲ, ಬೀಗ ಹಾಕಿದೆ. ಆದರೂ ಕಬ್ಬಿಣ ಜ್ವರ ಬಂದ ಹಾಗೆ ನಡುಗುತ್ತಿತ್ತು. ಆಕೆ ಸಾಲಿನುದ್ದಕ್ಕೂ ನೋಡಿದಳು. ಆಮೇಲೆ ಎಲ್ಲರಿಗೂ ಕೈ ತೆಗೆಯುವಂತೆ ಸನ್ನೆ ಮಾಡಿದಳು. ಮೂವತ್ತು ಕೈಗಳು ಗೇಟು ಬಿಟ್ಟವು. ಗೇಟು ಸುಮ್ಮನಾಯಿತು. ಕೈಗಳು ಆಗಲಿಲ್ಲ.

ಎಲ್ಲರೂ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಸಾಲಾಗಿ ನಿಂತರು. ಕ್ಷೇಮಾಧಿಕಾರಿಗೆ ಇನ್ನು ಉಳಿದದ್ದು ಒಂದೇ ಆಸರೆ. ಬೆವರು ಒರೆಸುವ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೇ ರಸೀದಿಯನ್ನೂ ಪೆನ್ನನ್ನೂ ಮುಂದೆ ಚಾಚಿದ. "ಇವನೊಬ್ಬನ್ನ ಕೇಳಿ ಮೇಡಂ, ಸೂಜಿಕಿವಿ ಅಂತಲೇ ಹೆಸರು. ಏನಯ್ಯಾ, ಪೆಟ್ಟಿಗೆ ಹಾಡು ಕೇಳ್ದೆ ತಾನೇ? ನನ್ನ ಮಾತೂ ಕೇಳಿಸ್ತಾ ಇದೆ ತಾನೇ? ಸಹಿ ಹಾಕು."

ತುಟಿ ಕಾಣಲಿಲ್ಲ. ಹಾಗಾಗಿ ಸೂಜಿಕಿವಿಯ ನಾಲಿಗೆಯ ಮೇಲೆ ಹಳೆಯ ವಾಕ್ಯ ತಾನಾಗಿ ಬಂದು ಕೂತಿತು. "ಹೌ..." ಎಂದೂ ಆಯಿತು.

ಆಗ ಅವನ ಮುಂದಿದ್ದ ಇಸ್ತ್ರಿಯಮ್ಮ ತಿರುಗಿ ನಿಂತಳು. ಬಾಯಿ ತೆರೆಯಲಿಲ್ಲ. ಗಂಡನಿಂದ ಕಲಿತ ಮಗ್ಗದ ಸನ್ನೆಯಲ್ಲಿ, ನಿಧಾನವಾಗಿ, ಹತ್ತೂ ಬೆರಳಲ್ಲಿ ಕೇಳಿದಳು: ಅಣ್ಣಾ, ಅವತ್ತು ಮೇಸ್ತ್ರಿ ಕೂಗಿದ್ದು ನಿನಗೆ ಕೇಳಿಸಿತ್ತಾ?

ಸೂಜಿಕಿವಿ ಪೆನ್ನು ನೋಡಿದ, ತನ್ನ ಗೇಟ್ ಪಾಸ್ ಇದ್ದ ಜೇಬು ಮುಟ್ಟಿಕೊಂಡ, ಅವಳ ಬೆರಳು ನೋಡಿದ.

"ಇಲ್ಲ" ಎಂದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೇ ಗೊತ್ತಾಗುವ ಹಾಗಿರಲಿಲ್ಲ. ಅದು ಇಡೀ ಬೀದಿಗೆ ಕೇಳಿತು. "ನನಗೆ ಕೇಳಿಸಿರಲಿಲ್ಲ ತಾಯಿ. ಅವನಿಗೂ ಕೇಳಿಸಿರಲಿಲ್ಲ. ಈಗ ಇವರು ಏನಂದ್ರೋ ಅದೂ ಕೇಳಿಸಿಲ್ಲ. ನನ್ನ ಕಿವಿ ಹೋಗಿ ಎಂಟು ವರ್ಷ ಆಯ್ತು."

ಅವನ ತುಟಿಯನ್ನು ಹದಿನಾಲ್ಕು ಜನ, ಕೆಲವರು ಹಿಂದೆ ಹೊರಳಿ, ಕೆಲವರು ಕತ್ತು ಚಾಚಿ, ಓದಿದರು. ಹಿಂದಿನವನು ಕೈಯೆತ್ತಿದ. "ನನಗೂ." ಅದರ ಹಿಂದಿನವನು, "ನನಗೂ." ಮಾತು ಸಾಲಿನ ಕೊನೆಯವರೆಗೆ ಹೋಗಿ, ಮುಂದಿನಿಂದ ಮತ್ತೆ ಶುರುವಾಗಿ, ಖಾಲಿ ಜಾಗದ ತನಕ ಬಂತು. ಅಲ್ಲಿ ಇಸ್ತ್ರಿಯಮ್ಮ ಗಂಡನ ಪರವಾಗಿ ಕೈಯೆತ್ತಿದಳು.

"ಡಿಸ್‌ಮಿಸ್!" ಕ್ಷೇಮಾಧಿಕಾರಿ ಬಾಯಿಗೊತ್ತಿದ ಕರವಸ್ತ್ರದೊಳಗಿಂದಲೇ ಕಿರುಚಿದ. "ಎಲ್ಲರೂ ಅಪಾಯಕಾರಿ ಕೆಲಸಗಾರರು! ಹದಿನೈದು ಜನಾನೂ ಡಿಸ್‌ಮಿಸ್!"

ಕೆಲಸ ಕಳೆದುಕೊಂಡವರಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ. ಅವರು ಗೌರವದಿಂದ ಅವನ ಮುಖ ನೋಡುತ್ತ, ಗೇಟು ತೆರೆಯಲೆಂದು ಕಾಯುತ್ತಿದ್ದರು.

"ಕೂಗಿದ್ರೆ ಅವರಿಗೆ ತಲುಪಲ್ಲ" ಎಂದಳು ಇನ್ಸ್‌ಪೆಕ್ಟರಮ್ಮ, ತಣ್ಣಗೆ. ನೋಟ್ ಬುಕ್ಕಿನಿಂದ ಒಂದು ಹಾಳೆ ಹರಿದು ಅವನ ಮುಂದೆ ಹಿಡಿದಳು. "ಬರೆದು ಕೊಡಿ. ಹೆಸರು ಬರೀರಿ. ಕಾರಣನೂ ಬರೀರಿ. ಯಾವ ಗಿರಣೀಲಿ, ಎಷ್ಟು ವರ್ಷ ಕೆಲಸ ಮಾಡಿ ಕಿವಿ ಹೋಯ್ತು, ಅದನ್ನೂ. ಕೆಳಗೆ ನಿಮ್ಮ ಸಹಿ."

ಅವನು ಪೆನ್ನನ್ನು ಹಾಳೆಯ ಮೇಲೆ ತಂದ. ಹಾಳೆಗೆ ಒಂದೆಳೆಯಷ್ಟು ಮೇಲೆ ಅದು ನಿಂತಿತು. ಬರೆದರೆ ಗಿರಣಿ ಮುಳುಗುತ್ತದೆ. ಬರೆಯದಿದ್ದರೆ ನಾಳೆ ಈ ಹದಿನೈದು ಜನ ಇದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಆಕೆ ಮೀಟರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ನಿಬ್ಬಿನ ನೆರಳು ಬಿಳಿ ಹಾಳೆಯ ಮೇಲೆ ಅಲುಗತೊಡಗಿತು.

ಸೂಜಿಕಿವಿ ಕುತೂಹಲದಿಂದ ಬಗ್ಗಿ ನೋಡಿದ. ಅವನ ಮುಖ ಅರಳಿತು. ಹೊಸದಾಗಿ ಕೆಲಸಕ್ಕೆ ಸೇರಿದವನ ಬೆನ್ನು ತಟ್ಟುವ ಹಾಗೆ ಅಧಿಕಾರಿಯ ಬೆನ್ನು ತಟ್ಟಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಸಾರ್, ನೋಡಿ. ನಿಮ್ಮ ಕೈಯಲ್ಲೂ ಓಡ್ತಾ ಇದೆ."